ವಲ್ಲಿಯೊಳಗಿನ ದರ

ಸುಂಯ್ ಅನ್ನುತ್ತಿದೆ, ಜರಡಿಯಲ್ಲಿ ತೊಗರಿ ಆಡಿಸಿದ ಹಾಗೆ, ಅದರಾಚೆ ಅಫಜಲಪುರದಿಂದ ಗುಮಾಸ್ತ ಪೀರಪ್ಪನ ದನಿ, ಕೇಳಸ್ತದೇನ್ರಿ ಸಾಹುಕಾರ್ರೆ, ಕೇಳಿಸದೆ ಏನು, ಪಕ್ಕದ ಕೋಣೆಯಲ್ಲಿ ಕೂತು ಕೂಗಿದಂತಿದೆ, ಆದರೂ ಕಲ್ಯಾಣಪ್ಪ ಹೂಂ ಅನ್ನಲಿಲ್ಲ, ಕರಿ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ, ಯಾಕೆಂದರೆ ಪೀರಪ್ಪನ ದನಿಯ ಬೆನ್ನಿಗೆ ಇನ್ನೊಂದು ದನಿ ಇತ್ತು. ಇರಬಾರದಿತ್ತು. ಇದು ಖಾಸಗಿ ಲೈನು, ಆಳಂದದ ಈ ದಾಲ್ ಮಿಲ್ಲಿನಿಂದ ಅಫಜಲಪುರದ ತನ್ನ ಖರೀದಿ ಅಂಗಡಿಗೆ ನೇರ, ನಡುವೆ ಎಕ್ಸ್‌ಚೇಂಜಿಲ್ಲ, ಕದ್ದು ಕೇಳುವ ಕಿವಿಯಿಲ್ಲ, ನೀವೇ ಮೊದಲು ಹಚ್ಚಿ ನೋಡ್ರಿ, ನೀವು ಹೇಳಿದ್ದೇ ನಮಗ ಪಕ್ಕಾ ಎಂದಿದ್ದರು ವ್ಯಾಪಾರಿಗಳ ಸಂಘದವರು, ಹಾಗಾಗಿ ದರ ತಿಳಿಸುವ ಒಂದೊಂದು ದಾರಿಯನ್ನೂ ನೋಡುತ್ತ ಬಂದಿದ್ದಾನೆ – ಗೊಬ್ಬೂರಿನ ಕಿರಾಣಿಯವನಿಗೆ ಸಾದಾ ಟ್ರಂಕ್ ಕಾಲ್ ಸಾಕು, ಅವನ ಗುಟ್ಟೆಂದರೆ ಬೆಲ್ಲದಲ್ಲಿ ಮಣ್ಣೆಷ್ಟು ಅನ್ನುವಷ್ಟೇ; ಜೇವರ್ಗಿಯ ಅಡತಿಯವರಿಗೆ ಅದೇ ಟ್ರಂಕ್ ಕಾಲಿನಲ್ಲಿ ಗುಪ್ತ ಮಾತು, ದರ ಏರಿದರೆ ಮಾವ ಬಂದ, ಇಳಿದರೆ ಮಾವ ಹೋದ, ಅದೂ ಕೆಟ್ಟಿತು, ಚಹಾದಂಗಡಿಯವನೇ ಮಾವ ಬಂದ್ರೇನ್ರಿ ಎಂದು ಕೇಳತೊಡಗಿದ್ದ; ಮಿಲ್ಲಿನಂಥ ದೊಡ್ಡ ವಹಿವಾಟಿಗೆ ಉಳಿದದ್ದು ಇದೊಂದೇ. ಹೊರಗೆ ಪಡಸಾಲೆಯಲ್ಲಿ ಸಂಘದವರು ಚಹಾ ಕುಡಿಯುತ್ತ ಅವನ ಒಂದು ಮಾತಿಗೆ ಕಾಯುತ್ತಿದ್ದಾರೆ, ಮತ್ತು ಇಲ್ಲಿ ಕಿವಿಯಲ್ಲಿ ಯಾರೋ ಗಂಡಸು ಯಾರಿಗೋ ಇವತ್ತಿನ ತೊಗರಿಯ ದರ ಹೇಳುತ್ತಿದ್ದಾನೆ, ಒಂದಂಕಿಯೂ ತಪ್ಪದೆ ಕೇಳುತ್ತಿದೆ, ಹೇಳಿ ಮುಗಿಸಿ, ಯಾರ ಮುಂದೂ ಅನಬ್ಯಾಡ ಅನ್ನುತ್ತಾನೆ.

ಲೈನ್‌ಮನ್ ಅಣ್ಣಾರಾಯ ಇಕ್ಕಳ ಒರೆಸುತ್ತ ನಿಂತಿದ್ದಾನೆ, ಮುಖ ನೋಡಿಯೇ ಅವನಿಗೆ ತಿಳಿಯಿತು, ಬ್ಯಾರೆಯವರ ಮಾತು ಬರಾಕತ್ತದೇನ್ರಿ, ಒಂದೇ ಕಂಬದ ಮ್ಯಾಲೆ ಮಗ್ಗಲ ಮಗ್ಗಲ ತಂತಿ ಎಳದ್ರ ಒಂದರ ಮಾತು ಒಂದಕ್ಕ ಹತ್ತೇ ಹತ್ತತದ್ರಿ, ಇವತ್ತಿಂದಲ್ಲ, ಈ ದಾರಿಗೆ ಕಂಬ ನೆಟ್ಟಾಗಿಂದ ಹಿಂಗೇ ಅದ. ಕಂಬ ನೆಟ್ಟಾಗಿಂದ. ಅಂದರೆ ಆ ವರ್ಷವೂ, ಅಬ್ದುಲ್ ಗನಿ ಇದ್ದ ವರ್ಷವೂ – ಗನಿ, ಅಫಜಲಪುರದ ಬಜಾರಿನಲ್ಲಿ ಕಲ್ಯಾಣಪ್ಪನ ಪರವಾಗಿ ತೊಗರಿ ಹಿಡಿಯುತ್ತಿದ್ದ ದಲಾಲ, ಹೆಗಲ ಮೇಲಿನ ಬಟ್ಟೆ ವಲ್ಲಿಯ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ದರ ಮುಗಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಮೇಲೆ ಬಾಯಿ ಜೋಳದ ಬೆಳೆಯ ಮಾತಾಡುತ್ತಿದ್ದರೆ ಕೆಳಗೆ ಬೆರಳು ಬೇರೆಯೇ ಮಾತಾಡುತ್ತಿತ್ತು, ಎದುರು ನಿಂತವರಿಗೂ ಸುಳಿವು ಸಿಗುತ್ತಿರಲಿಲ್ಲ. ಅಂಗಡಿಗೆ ಮೊದಲ ಸಲ ಎಕ್ಸ್‌ಚೇಂಜಿನ ಫೋನು ಹಾಕಿಸಿದಾಗ ಅವನೊಬ್ಬನೇ ತಕರಾರು ತೆಗೆದಿದ್ದ, ಸಾಹುಕಾರ್ರೆ, ತಾರಿನ ಮ್ಯಾಲೆ ದರ ಬ್ಯಾಡ್ರಿ, ಬಸ್ ಹತ್ತಿ ಬರ್ತೇನಿ, ವಲ್ಲಿಯಾಗ ಹೇಳ್ತೇನಿ. ಕಲ್ಯಾಣಪ್ಪನಿಗೆ ಅದೇ ಮನಸ್ಸಿಗೆ ಚುಚ್ಚಿತ್ತು, ಸಾಚಾ ಮನುಷ್ಯನಾದರೆ ಫೋನಿಗೆ ಯಾಕೆ ಅಂಜಬೇಕು, ಮುಚ್ಚಿ ಹೇಳುವಂಥದ್ದು ಏನಿದೆ ಇವನ ಬಳಿ, ಅಷ್ಟರಲ್ಲಿ ದರದ ಗುಟ್ಟು ಬೇರೆ ಹೊರಬೀಳತೊಡಗಿತ್ತು, ಸರಿ ಎಂದು ಪರೀಕ್ಷೆ ಇಟ್ಟ, ಒಂದು ಸುಳ್ಳು ದರವನ್ನು ಫೋನಿನಲ್ಲಿ ಗನಿಯೊಬ್ಬನಿಗೇ ಹೇಳಿದ, ಮರುದಿನ ಅದು ಎದುರು ಪಾರ್ಟಿಯವರ ಬಾಯಲ್ಲಿತ್ತು. ತಂತಿಗೆ ಬಾಯಿ ಎಲ್ಲಿಂದ ಬರಬೇಕು, ಎಕ್ಸ್‌ಚೇಂಜಿನಲ್ಲಿ ಕೂತವಳು ಸ್ವಂತ ತಂಗಿಯ ಮಗಳು, ಅವಳ ಮೇಲೆ ಅನುಮಾನವೇ ಬರಲಿಲ್ಲ, ಉಳಿದವನು ಗನಿ.

ಅವತ್ತು ಬಜಾರು ತುಂಬಿತ್ತು. ಗನಿ ನಗುತ್ತಲೇ ಬಂದ, ಹೆಗಲ ವಲ್ಲಿ ತೆಗೆದು ಮುಂಗೈ ಮೇಲೆ ಹೊದಿಸಿ ಕೈ ಚಾಚಿದ, ಕಲ್ಯಾಣಪ್ಪ ತನ್ನ ಕೈಯನ್ನು ಅಂಗಿಯ ಕಿಸೆಯಿಂದ ತೆಗೆಯಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಅಂದ, ನಿನ್ನ ಕೈಯಾಗ ಕೈ ಇಟ್ಟರ ಊರ ಮುಂದ ಇಟ್ಟಂಗ. ಯಾರೋ ನಕ್ಕರು. ಗನಿ ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ತಿಳಿಯಲಿಲ್ಲವೋ ಏನೋ, ವಲ್ಲಿಯ ಕೆಳಗೆ ಆ ಕೈ ಒಂಟಿಯಾಗಿ ಹಾಗೇ ಇತ್ತು, ಬೆರಳು ಅಗಲಿಸಿಕೊಂಡು ಕಾಯುತ್ತ, ಬಟ್ಟೆಯ ಮೇಲೆ ಅದರ ಉಬ್ಬು ಕಾಣುತ್ತಿತ್ತು. ಆಮೇಲೆ ಬಜಾರಿನಲ್ಲಿ ಅವನಿಗೆ ಕೈ ಕೊಡುವವರು ಹುಟ್ಟಲಿಲ್ಲ, ಕೈ ಸಿಗದ ದಲಾಲ ಇದ್ದೂ ಇಲ್ಲದವನೇ, ಮುಂದಿನ ತೊಗರಿ ಬರುವಷ್ಟರಲ್ಲಿ ಅವನು ನಿಜಕ್ಕೂ ಇರಲಿಲ್ಲ, ಎದೆ ನೋವು ಎಂದರು. ಹೆಂಡತಿ ನಜಮುನ್ನಿಸಾ ಕಂಡವರ ಅಂಗಳದಲ್ಲಿ ಬ್ಯಾಳಿ ಹಸನು ಮಾಡುತ್ತಾಳೆ, ಮಗಳಿಗೆ ಕೂಡಿಬಂದ ಸಂಬಂಧ ಮೊನ್ನೆ ಮೊನ್ನೆ ಮುರಿಯಿತಂತೆ, ಧಣಿಯ ಗುಟ್ಟು ಮಾರಿದವನ ಮಗಳು ಎಂದು ಯಾರೋ ಕಿವಿಯೂದಿದರಂತೆ. ಯಾರೋ ಯಾಕೆ, ಅವತ್ತು ಬಜಾರಿನಲ್ಲಿ ಊದಿದವನು ನಾನೇ, ಸುಳ್ಳೇ ಸುಳ್ಳು ಒಬ್ಬನನ್ನು ಕೊಂದು ಕೂತಿದ್ದೇನೆ, ಕಲ್ಯಾಣಪ್ಪ ಕಣ್ಣು ಮುಚ್ಚಿದರೆ ಅದೇ, ವಲ್ಲಿ, ಅದರ ಕೆಳಗಿನ ಉಬ್ಬು.

ಈಗ ಹೇಳಿದರಾಯಿತು, ಹೊರಗೆ ಹೋಗಿ ಒಂದೇ ಮಾತು, ಲೈನು ಸೋರತದ, ಮೊದಲಿಂದನೂ ಸೋರಾಕತ್ತದ, ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಹಂಗಾದ್ರ ಗನಿ, ಎಂದು ಒಬ್ಬನಾದರೂ ಕೇಳಿಯೇ ಕೇಳುತ್ತಾನೆ, ಕೇಳಲಿ, ಆ ಹುಡುಗಿಯ ಮದುವೆಯಾಗುತ್ತದೆ, ನಜಮುನ್ನಿಸಾ ತಲೆಯೆತ್ತಿ ಬಜಾರು ದಾಟುತ್ತಾಳೆ, ಮತ್ತು ನಾನು, ಇಷ್ಟು ವರ್ಷ ಎಲ್ಲರಿಗೂ ನ್ಯಾಯ ಹೇಳಿಕೊಂಡು ಬಂದ ನಾನು, ಯಾರ ಮುಂದೆ ಕೈ ಚಾಚಲಿ, ಚಾಚಿದರೆ ಯಾರು ಹಿಡಿಯುತ್ತಾರೆ – ಬಾಗಿಲಲ್ಲಿ ಸಂಘದ ಹಿರಿಯ ಶಾಂತಲಿಂಗಪ್ಪ, ಬಸಿಯಲ್ಲಿ ಚಹಾ ಹಿಡಿದುಕೊಂಡೇ, ಹೆಂಗದರಿ ಲೈನು, ಪಾಸೇನು, ಅವರ ಹಿಂದೆ ಉಳಿದವರ ತಲೆಗಳು, ಅಣ್ಣಾರಾಯ ನೆಲ ನೋಡುತ್ತಿದ್ದಾನೆ, ಅವನು ಬಾಯಿ ಬಿಡುವವನಲ್ಲ, ಸಾಹುಕಾರರು ಅಂದದ್ದೇ ಅವನಿಗೂ ಸರಿ, ಹೇಳು, ಹೇಳಿಬಿಡು, ಕಲ್ಯಾಣಪ್ಪ ಬಾಯಿ ತೆರೆದ, ರಿಸೀವರು ಇನ್ನೂ ತುಟಿಯ ಹತ್ತಿರವೇ ಇತ್ತು.

ಸಾಫ್ ಅದ, ಅಂದ.

ತಲೆಗಳು ತೂಗಿದವು, ಯಾರೋ ಶಭಾಷ್ ಅಂದರು, ಮತ್ತು ಕಿವಿಯಲ್ಲಿ ದರ ಹೇಳುತ್ತಿದ್ದ ಆ ಗಂಡಸಿನ ದನಿ ಗಕ್ಕನೆ ನಿಂತು, ಯಾವನ್ಲೇ ಅವ ಲೈನಿನಾಗ, ಸಾಫ್ ಅದ ಅಂದವ ಯಾವ, ಯಾವ ನೀ, ಹೇಳಲೇ, ಸುಂಯ್ ಅನ್ನುತ್ತಿದೆ, ರಿಸೀವರು ಕೆಳಗಿಡಬೇಕು, ಕಲ್ಯಾಣಪ್ಪನ ಬಲಗೈ ಇಳಿಯುತ್ತಿಲ್ಲ, ಅದರ ಮುಂದೆ ವಲ್ಲಿ, ವಲ್ಲಿಯ ಕೆಳಗೆ ಗನಿಯ ಆ ಕೈ, ಬೆರಳು ಅಗಲಿಸಿಕೊಂಡು, ಹಿಂದೆ ತೆಗೆದುಕೊಳ್ಳದೆ, ಕೈ,