ಕೆಂಪು ಟೇಪಿನ ಪ್ಲಗ್ಗು

ಅತ್ತೆ ಸೊಸೆಯನ್ನು ಕರೆಯುತ್ತಿದ್ದುದು ಮೇಸ್ತ್ರಿ ಎಂದು. ಅದು ಹೊಗಳಿಕೆಯೋ ಕುಹಕವೋ ಎಂದು ಸೊಸೆ ಎರಡು ತಿಂಗಳು ತಲೆ ಕೆಡಿಸಿಕೊಂಡಳು. ಆಮೇಲೆ ಎರಡೂ ಹೌದು ಅಂತ ಗೊತ್ತಾಗಿ ಸುಮ್ಮನಾದಳು.

“ನೆಟ್ಟಗಿರೋ ಹಲಗೇನ ಸೊಟ್ಟ ಮಾಡೋಕೆ ಇಷ್ಟೊಂದು ಒದ್ದಾಟ ಯಾಕೇ ಮೇಸ್ತ್ರಿ? ನನ್ನ ಬೆನ್ನು ನೋಡು, ಯಾರೂ ಏನೂ ಮಾಡ್ದೆ ತಾನಾಗೇ ಬಾಗಿದೆ.”

“ನಿಮ್ಮ ಬೆನ್ನೊಳಗೆ ಸ್ಪೀಕರ್ ಕೂರಿಸೋಕಾಗಲ್ಲ ಅತ್ತೆ.”

“ಕೂರಿಸಿ ನೋಡು, ನಿನ್ನ ಗಂಡನ ಗೊರಕೆಗಿಂತ ಜೋರಾಗಿ ಹಾಡುತ್ತೆ.”

ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ಎರಡು ಮಾತಿಗೊಂದು ಸಲ ನಿಂತು ಉಸಿರೆಳೆದುಕೊಂಡು ಹೀಗೆ ಮಾತಾಡುವ ಮುದುಕಿ ಅದು. ಒಂದು ವರ್ಷದಿಂದ ಆಕೆಯ ಶ್ವಾಸಕೋಶ ಕೈಕೊಟ್ಟಿತ್ತು. ಹಾಸಿಗೆ ಪಕ್ಕದ ಮೆಷಿನ್ ಹಗಲೂ ರಾತ್ರಿ ಬುಸ್, ಬುಸ್ ಎನ್ನುತ್ತ ಗಾಳಿ ಕೊಡಬೇಕು. ಸೊಸೆ ಬೈಂಡಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವಳು. ಅತ್ತೆಯನ್ನು ನೋಡಿಕೊಳ್ಳೋಕೆ ಕೆಲಸ ಬಿಟ್ಟಳು. ಗಂಡ ಲಿಫ್ಟ್ ರಿಪೇರಿಯವನು, ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಆ ಹನ್ನೊಂದು ಗಂಟೆ ಸೊಸೆಗೆ ಒಂದೇ ಭಯ: ನನ್ನೊಬ್ಬಳ ಕೈಲಿರುವಾಗ ಇವರಿಗೆ ಏನಾದರೂ ಆಗಿಬಿಟ್ಟರೆ? ಬಟ್ಟೆ ಒಗೆಯುತ್ತಿದ್ದರೂ ಕಿವಿ ಆ ಬುಸ್ ಬುಸ್ ಕಡೆಗೇ.

ಭಯ ಅಂತ ಕೈ ಕಟ್ಟಿ ಕೂರೋಕಾಗುತ್ತಾ? ಅಂಟಿನಲ್ಲೇ ಬೆಳೆದ ಕೈಗಳು ಏನಾದರೂ ಕೇಳುತ್ತಿದ್ದವು. ಒಂದು ಅಂಗಡಿಯಲ್ಲಿ ಬಾಗಿದ ಮೈಯ ಸ್ಪೀಕರ್ ಪೆಟ್ಟಿಗೆ ನೋಡಿ ಬಂದವಳು, ಮನೆಯಲ್ಲೇ ಒಂದು ಜೊತೆ ಮಾಡುತ್ತೇನೆ ಎಂದು ಹಟ ಹಿಡಿದಳು. ಚೌಕದ ಪೆಟ್ಟಿಗೆಯಲ್ಲಿ ಸದ್ದು ಎದುರುಬದುರು ಗೋಡೆಗೆ ಬಡಿದಾಡಿ ಗುಂಯ್‌ಗುಡುತ್ತದಂತೆ. ಗೋಡೆ ಬಾಗಿದ್ದರೆ ಹಾಡು ಹಾಡಾಗಿಯೇ ಹೊರಗೆ ಬರುತ್ತದಂತೆ. ತೆಳ್ಳನೆಯ ಐದು ಪ್ಲೈವುಡ್ ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಜೋಡಿಸಿ, ಬಾಗಿದ ಅಚ್ಚಿನ ಮೇಲೆ ಮಲಗಿಸಿ, ಅಚ್ಚು ಸಮೇತ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಮುಚ್ಚಬೇಕು. ಹಳೇ ಫ್ರಿಜ್ಜಿನಿಂದ ಬಿಚ್ಚಿ ಮಾಡಿದ ಪಂಪು ಚೀಲದ ಗಾಳಿಯನ್ನೆಲ್ಲ ಹೀರಿದರೆ, ಚೀಲ ಹಾಳೆಗಳನ್ನು ಅಚ್ಚಿಗೆ ಅವುಚಿ ಹಿಡಿಯುತ್ತದೆ. ಆರು ಗಂಟೆ ಪಂಪು ನಿಲ್ಲಬಾರದು. ನಡುವೆ ನಿಂತರೆ ಹಾಳೆಗಳು ಮತ್ತೆ ನೆಟ್ಟಗಾಗಲು ನೋಡಿ ಪದರ ಪದರ ಬಿಟ್ಟುಕೊಳ್ಳುತ್ತವೆ.

ಪೆಟ್ಟಿಗೆಯೊಂದಕ್ಕೆ ಎಡ ಬಲ ಎರಡರಂತೆ ಬಾಗಿದ ಮೈ ನಾಲ್ಕು ಬೇಕು. ಮೂರು ಆಗಿದ್ದವು. ನಾಲ್ಕನೆಯದು ಅಚ್ಚಿನ ಮೇಲಿದ್ದಾಗ ಹಿಂದಿನ ವಾರ ಕರೆಂಟ್ ಹೋಗಿ ಹಾಳಾಯಿತು. ಇನ್ನು ಉಳಿದಿದ್ದು ಐದೇ ಹಾಳೆ.

ಅತ್ತೆಯ ಮೆಷಿನ್‌ಗೆಂದು ಗಂಡ ಬ್ಯಾಟರಿ, ಇನ್ವರ್ಟರ್ ತಂದು ಆಕೆಯ ಕೋಣೆಯಲ್ಲೇ ಕೂರಿಸಿದ್ದ. ಕರೆಂಟ್ ಹೋದರೆ ಮೂರು ಗಂಟೆ ಮೆಷಿನ್ ಓಡಿಸುತ್ತಿತ್ತು. ಅದರ ಪ್ಲಗ್ಗಿನ ಸುತ್ತ ಕೆಂಪು ಟೇಪು ಸುತ್ತಿ, ದಪ್ಪಕ್ಷರದಲ್ಲಿ ಬರೆದಿದ್ದ: ಅಮ್ಮನದು, ಬೇರೇನೂ ಹಾಕಬೇಡಿ. ಆ ದಿನ ಬೆಳಗ್ಗೆ ಸೊಸೆ ಅಲ್ಲಿಂದಲೇ ಉದ್ದನೆಯ ವಯರು ಎಳೆದು, ನಡುಮನೆ ದಾಟಿಸಿ, ತನ್ನ ಕೆಲಸದ ಕೋಣೆಯ ಪಂಪಿಗೆ ಹಾಕಿದಳು. ತಪ್ಪು ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕರೆಂಟ್ ಇರುವವರೆಗೂ ಬ್ಯಾಟರಿ ಖರ್ಚಾಗುವುದಿಲ್ಲ, ಹೋದ ತಕ್ಷಣ ಕಿತ್ತರಾಯಿತು, ಒಂದೆರಡು ನಿಮಿಷಕ್ಕೇನು ಪ್ರಳಯ ಆಗುತ್ತೆ ಎಂದುಕೊಂಡಳು.

“ಇದೇನೇ ವಯರು?” ಎಂದಳು ಅತ್ತೆ.

“ಪಂಪಿಗೆ. ಕರೆಂಟ್ ಹೋದ್ರೆ ಓಡಿಬಂದು ಕಿತ್ತುಬಿಡ್ತೀನಿ. ನಿಮ್ಮ ಮಗನಿಗೆ ಹೇಳ್ಬೇಡಿ ಅತ್ತೆ.”

“ನನಗ್ಯಾಕೆ ಊರ ಉಸಾಬರಿ?” ಎಂದು ಮುದುಕಿ ಮುಖ ತಿರುಗಿಸಿ ನಕ್ಕಳು.

ಹತ್ತೂವರೆಗೆ ಪಂಪು ಹಚ್ಚಿದ್ದಾಯಿತು. ಅಂಟಿನ ವಾಸನೆ ಅತ್ತೆಯ ಎದೆಗೆ ಆಗದು ಎಂದು ಸೊಸೆ ಕೆಲಸದ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿದಳು. ಕಿಟಕಿ ತೆರೆದಿತ್ತು, ಬೆಳಕು ಧಾರಾಳ. ಧೂಳು ಏಳುತ್ತದೆಂದು ಫ್ಯಾನು ಹಾಕುವ ಅಭ್ಯಾಸವೂ ಇರಲಿಲ್ಲ. ಮೂರನೆಯ ಮೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುಕಾಗದದಿಂದ ತಿಕ್ಕುತ್ತ ಕೂತಳು. ಪಂಪು ಒಂದೇ ಸಮನೆ ಗರಗುಟ್ಟುತ್ತಿತ್ತು. ಪಂಪು ಓಡುತ್ತಿದೆ, ಅಂದರೆ ಕರೆಂಟ್ ಇದೆ. ಕಿವಿಗೆ ಅಷ್ಟು ಸಾಕಾಗಿ, ಮನಸ್ಸು ಬಹಳ ದಿನಗಳ ಮೇಲೆ ಹಗುರಾಗಿತ್ತು.

ಒಂದೂವರೆಗೆ ಅತ್ತೆಯ ಊಟಕ್ಕೆಂದು ಎದ್ದು ಅಡುಗೆಮನೆಗೆ ಹೋದಳು. ಸೊಪ್ಪು ಬೇಳೆ ನುಣ್ಣಗೆ ಮಾಡೋಣವೆಂದು ಮಿಕ್ಸಿಯ ಗುಂಡಿ ಒತ್ತಿದರೆ ಅದು ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಹಾಳಾದ್ದು ಇದಕ್ಕೇನಾಯ್ತು ಎಂದು ಫ್ರಿಜ್ ಬಾಗಿಲು ತೆಗೆದಳು. ಒಳಗೆ ಕತ್ತಲೆ.

ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಎದುರುಮನೆಯಾಕೆಯನ್ನು ಕಿಟಕಿಯಿಂದಲೇ ಕೂಗಿ ಕೇಳಿದಳು: “ಅಕ್ಕಾ, ಕರೆಂಟ್ ಇಲ್ವಾ ನಿಮಗೆ?”

“ಎಲ್ಲೀ ಕರೆಂಟು! ಹನ್ನೊಂದಕ್ಕೇ ಹೋಯ್ತಲ್ಲಮ್ಮಾ. ನಿಮಗೆ ಗೊತ್ತೇ ಆಗ್ಲಿಲ್ವಾ?”

ಕೆಲಸದ ಕೋಣೆಯಲ್ಲಿ ಪಂಪು ಇನ್ನೂ ಗರಗುಟ್ಟುತ್ತಿತ್ತು. ಎರಡೂವರೆ ಗಂಟೆಯಿಂದ ಅದು ಅತ್ತೆಯ ಬ್ಯಾಟರಿಯನ್ನೇ ಹೀರುತ್ತಿದೆ ಎಂದು ಸೊಸೆಗೆ ಆಗ ಹೊಳೆಯಿತು. ಕೈಯಲ್ಲಿದ್ದ ಪಾತ್ರೆ ಎಲ್ಲಿ ಬಿತ್ತೋ, ಓಡಿದಳು. ನಡುಮನೆ ಹತ್ತು ಹೆಜ್ಜೆಯದು. ಆ ಹತ್ತು ಹೆಜ್ಜೆಯಲ್ಲಿ ಅವಳಿಗೆ ಕೇಳಬೇಕಾಗಿದ್ದ ಬುಸ್ ಬುಸ್ ಕೇಳಲಿಲ್ಲ.

ಅತ್ತೆ ಹಾಸಿಗೆಯ ಅಂಚಿಗೆ ಕೂತು, ಎರಡೂ ಕೈ ಮುಂದಿನ ಮೇಜಿಗೆ ಊರಿ, ತಲೆ ತಗ್ಗಿಸಿದ್ದಳು. ಭುಜಗಳು ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ತುಟಿ ನೇರಳೆಯಾಗಿತ್ತು. ನಳಿಗೆ ಮಡಿಲಲ್ಲಿ ಬಿದ್ದಿತ್ತು. ಗೋಡೆಯ ಮೂಲೆಯಲ್ಲಿ ಇನ್ವರ್ಟರ್ ಪೀಂ, ಪೀಂ ಎಂದು ಕೂಗಿಕೊಳ್ಳುತ್ತಿತ್ತು, ಯಾವಾಗಿನಿಂದಲೋ ಏನೋ. ವಿಚಿತ್ರವೆಂದರೆ ಮೆಷಿನ್ ಸುಮ್ಮನಿತ್ತು. ಕರೆಂಟ್ ಸಿಗದೆ ನಿಂತರೆ ಅದು ಕಿರುಚಬೇಕು. ಕಿರುಚದೆ ನಿಲ್ಲುವುದು ಯಾರಾದರೂ ಕೈಯಾರೆ ಆರಿಸಿದರೆ ಮಾತ್ರ.

“ಅಯ್ಯೋ ಅತ್ತೆ, ಇದನ್ನ ಯಾರು ಆರಿಸಿದ್ದು?”

ಉತ್ತರ ಹೇಳಲು ಮುದುಕಿಯ ಹತ್ತಿರ ಉಸಿರಿರಲಿಲ್ಲ. ಸೊಸೆ ಪಂಪಿನ ವಯರನ್ನು ಬೇರುಸಮೇತ ಕಿತ್ತಂತೆ ಕಿತ್ತೆಸೆದು, ಮೆಷಿನ್ ಹಾಕಿದಳು. ಅದು ಒಂದು ಸಲ ಗುಡುಗಿತು, ಎರಡು ಸಲ ಬುಸ್ ಎಂದಿತು, ಇನ್ವರ್ಟರ್ ಉದ್ದಕ್ಕೆ ಪೀಂ ಎಂದು ಎಳೆದು ನಿಂತುಹೋಯಿತು, ಮೆಷಿನ್ ಕಿರುಚತೊಡಗಿತು. ಬ್ಯಾಟರಿಯಲ್ಲಿ ಒಂದು ಗುಟುಕೂ ಉಳಿದಿರಲಿಲ್ಲ.

ಮಂಚದ ಕೆಳಗಿದ್ದ ಚಿಕ್ಕ ಆಕ್ಸಿಜನ್ ಸಿಲಿಂಡರ್ ನೆನಪಾಗಿ ಅದನ್ನು ಹೊರಗೆಳೆದಳು. ಅದರ ಬಾಯಿ ತಿರುಗಿಸುವ ಕೀಲಿ ಸಿಲಿಂಡರಿನ ಕುತ್ತಿಗೆಗೆ ದಾರ ಕಟ್ಟಿ ನೇತಾಡಬೇಕಿತ್ತು. ದಾರವಿತ್ತು, ಕೀಲಿ ಇರಲಿಲ್ಲ. ಬೆಳಗ್ಗೆ ಪಂಪಿನ ನಳಿಗೆ ಬಿಗಿ ಮಾಡೋಕೆ ಅದೇ ಸರಿಹೋಗುತ್ತದೆಂದು ಅವಳೇ ಬಿಚ್ಚಿಕೊಂಡು ಹೋಗಿದ್ದಳು!

ಕೆಲಸದ ಕೋಣೆಗೆ ಓಡಿದಳು. ಚೀಲ ಆಗಲೇ ಉಸಿರು ತುಂಬಿಕೊಂಡು ಸಡಿಲವಾಗುತ್ತಿತ್ತು, ಒಳಗೆ ಹಾಳೆಗಳು ಚಟ್ ಎಂದವು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲಿನ ಡಬ್ಬ, ಕುಂಚ, ಕಾಗದ ಎಲ್ಲವನ್ನೂ ಬಾಚಿ ನೆಲಕ್ಕೆ ಹಾಕಿದಳು. ಇಲ್ಲ. ಅಚ್ಚಿನ ಕೆಳಗೆ ಇಲ್ಲ. ಕಿಟಕಿಯಲ್ಲಿ ಇಲ್ಲ. ದೇವರೇ, ದೇವರೇ ಎನ್ನುತ್ತ ವಾಪಸ್ ಓಡಿಬಂದು ಅತ್ತೆಯ ಮುಂದೆ ನಿಂತಳು. ನಾನು ಇವರನ್ನು ಕೊಂದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. “ಕೀಲಿ ಸಿಗ್ತಿಲ್ಲ ಅತ್ತೆ, ಕೀಲಿ ಸಿಗ್ತಿಲ್ಲ,” ಎಂದು ಚಿಕ್ಕ ಮಗುವಿನಂತೆ ಅಳತೊಡಗಿದಳು.

ಮುದುಕಿ ತಲೆ ಎತ್ತಲಿಲ್ಲ. ಮೇಜಿನಿಂದ ಒಂದು ಕೈ ಮಾತ್ರ ಮೇಲೆ ಬಂತು. ಒಂದು ಬೆರಳು ಸೊಸೆಯ ಸೊಂಟದ ಕಡೆ ತೋರಿಸಿತು. ಏಪ್ರನ್ ಜೇಬಿನಿಂದ ಕೀಲಿಯ ತುದಿ ಹೊರಗೆ ಇಣುಕುತ್ತಿತ್ತು.

ಮೂರನೆಯ ಪ್ರಯತ್ನಕ್ಕೆ ಸಿಲಿಂಡರಿನ ಬಾಯಿ ತಿರುಗಿತು. ಸೊಸೆ ನಳಿಗೆ ಜೋಡಿಸಿ ಅತ್ತೆಯ ಮೂಗಿಗಿಟ್ಟು, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿದಳು. ಎಪ್ಪತ್ತೊಂದು. ಡಾಕ್ಟರು ಎಂಬತ್ತೆಂಟಕ್ಕಿಂತ ಕೆಳಗೆ ಬಿಡಬೇಡಿ ಎಂದಿದ್ದರು. ಅವಳು ಅತ್ತೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಆ ಅಂಕಿಯನ್ನೇ ನೋಡುತ್ತ ಮೊಣಕಾಲೂರಿದಳು. ಎಪ್ಪತ್ತೊಂದು ಬಹಳ ಹೊತ್ತು ಎಪ್ಪತ್ತೊಂದೇ ಆಗಿತ್ತು. ಎಪ್ಪತ್ತು ಆಯಿತು. ಆಮೇಲೆ ಎಪ್ಪತ್ನಾಲ್ಕು. ಎಪ್ಪತ್ತೊಂಬತ್ತು. ಎಂಬತ್ತಾರು. ತುಟಿಯ ನೇರಳೆ ನಿಧಾನವಾಗಿ ಕರಗಿತು. ಎಂಬತ್ತೊಂಬತ್ತಕ್ಕೆ ಬಂದಾಗ ಮುದುಕಿ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದಳು.

“ಅದು... ಹಿಡೀತಾ?”

“ಏನು?”

“ಅಂಟು ಕಣೇ.”

ಸೊಸೆಗೆ ಮೈಯೆಲ್ಲ ಉರಿದುಹೋಯಿತು. “ನಿಮಗೇನು ಬುದ್ಧಿ ಕೆಟ್ಟಿದೆಯಾ? ಮೆಷಿನ್ ಆರಿಸಿದ್ದು ನೀವೇನಾ? ಯಾವಾಗ?”

“ಪೀಂ ಅಂತು. ಮುಕ್ಕಾಲು ಗಂಟೆ ಆಯ್ತೇನೋ. ಎರಡೂ ಓಡಲ್ಲ... ಅನ್ನಿಸ್ತು. ಆರು ಗಂಟೆ ಬೇಕು ಅಂದಿದ್ದೆಯಲ್ಲ.”

“ನನ್ನನ್ನ ಕೂಗಬಾರದಾಗಿತ್ತಾ?”

“ಕೂಗಿದ್ರೆ ನೀನು ಪಂಪ್ ಕೀಳ್ತಿದ್ದೆ.” ಮುದುಕಿ ಮಾತು ನಿಲ್ಲಿಸಿ ಎರಡು ಸಲ ಉಸಿರೆಳೆದಳು. “ಹೋದ ವಾರ ಅದು ಹಾಳಾದಾಗ ಆ ಕೋಣೇಲಿ ಕೂತು ಅಳ್ತಿದ್ದೆಯಲ್ಲ, ಒಂದು ಗಂಟೆ. ನನಗೆ ಕೇಳಿಸ್ತು. ನಾನು ಕಾಯಿಲೆ ಬಿದ್ದಾಗ್ಲೂ ನೀನು ಹಾಗೆ ಅಳಲಿಲ್ಲ. ತಪ್ಪು ಅಂತಲ್ಲ ಮೇಸ್ತ್ರಿ. ಮುದುಕಿಗೆ ಯಾರು ಅಳ್ತಾರೆ? ಆ ಅಳು ಮತ್ತೆ ಕೇಳೋಕೆ ಆಗಲ್ಲ ಅನ್ನಿಸ್ತು, ಅಷ್ಟೇ.”

ಸೊಸೆ ಆ ದಿನ ಅತ್ತಿದ್ದು ನಿಜ. ಅದು ಬರೀ ಹಲಗೆಗಾಗಿ ಅಲ್ಲ, ಕೆಲಸ ಬಿಟ್ಟಿದ್ದು, ಹಗಲೆಲ್ಲ ಹೆದರಿಕೊಂಡು ಬದುಕುವುದು, ಎಲ್ಲ ಸೇರಿತ್ತು. ಅದನ್ನು ಈಗ ಹೇಗೆ ಹೇಳುವುದು? ಹೇಳದೆ ಫೋನ್ ತೆಗೆದು ಗಂಡನಿಗೆ ಹಚ್ಚಿದಳು. ಮುದುಕಿ ಬೇಡ ಬೇಡ ಎಂದು ಕೈ ಆಡಿಸುತ್ತಲೇ ಇದ್ದಳು. ಸೊಸೆ ಕೆಂಪು ಟೇಪಿನಿಂದ ಹಿಡಿದು ಕೀಲಿಯವರೆಗೆ ಎಲ್ಲವನ್ನೂ ಹೇಳಿದಳು. ಅವನು, “ಸಿಲಿಂಡರ್ ಎಷ್ಟಿದೆ?” ಎಂದ. “ಅರ್ಧ,” ಎಂದಳು. “ಹೊರಟೆ. ಬೇರೆ ಬ್ಯಾಟರಿ ತರ್ತೀನಿ,” ಎಂದು ಫೋನ್ ಇಟ್ಟ.

“ಬಾಯಿ ಮುಚ್ಕೊಂಡಿದ್ದಿದ್ರೆ ಬೈಗುಳ ಉಳೀತಿತ್ತು,” ಎಂದಳು ಅತ್ತೆ.

“ಬೈಲಿ. ಅತ್ತೆ, ಇಲ್ಲಿ ನೋಡಿ. ಇನ್ಮೇಲೆ ಆ ಸ್ವಿಚ್ ಮುಟ್ಟಲ್ಲ ಅಂತ ಮಾತು ಕೊಡಿ.”

ಅತ್ತೆ ನಳಿಗೆಯನ್ನು ಸರಿಮಾಡಿಕೊಂಡಳು.

“ಹಲಗೆಗಾಗಲಿ, ನನಗಾಗಲಿ, ನಿಮ್ಮ ಮಗನಿಗಾಗಲಿ, ಯಾರಿಗೋಸ್ಕರಾನೂ ಮುಟ್ಟಲ್ಲ ಅನ್ನಿ. ನಿಮ್ಮ ಕಾಲು ಹಿಡ್ಕೋತೀನಿ. ನನಗೆ ಹೆದರಿಕೆ ಆಗ್ತಿದೆ ಅತ್ತೆ.”

ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು. ಕೂದಲಿಗಂಟಿದ್ದ ಮರದ ಹುಡಿಯನ್ನು ಉಗುರಿನಿಂದ ಒಂದೊಂದಾಗಿ ತೆಗೆದಳು. “ಮಾತು ಕೊಟ್ಟು ತಪ್ಪೋಳಲ್ಲ ಕಣೇ ನಾನು,” ಎಂದಳು. “ಅದಕ್ಕೇ ಕೊಡಲ್ಲ.”

ಸೊಸೆ ಸ್ಟೂಲು ಎಳೆದುಕೊಂಡು ಅತ್ತೆಗೂ ಮೆಷಿನ್‌ಗೂ ನಡುವೆ ಕೂತಳು. ಗಂಡ ಬ್ಯಾಟರಿ ಹೊತ್ತುಕೊಂಡು ಒಳಗೆ ಬಂದು, ಸ್ವಲ್ಪ ಪಕ್ಕಕ್ಕೆ ಸರಿ ಎಂದಾಗಲೂ ಅವಳು ಏಳಲಿಲ್ಲ.