ಆರದ ಕೊಳವೆಗಳು

ಆ ಗುರುವಾರ ಬೆಳಿಗ್ಗೆ ಹಿಲ್ಕಾ ಎಸ್ಪೊ ನಗರದ ಪ್ರಯೋಗಾಲಯಕ್ಕೆ ಬಂದಾಗ ಚಿಪ್ ಸತ್ತಿತ್ತು. ಹಿಂದಿನ ಸಂಜೆಯವರೆಗೂ ಕೊಟ್ಟ ಲೆಕ್ಕವನ್ನೆಲ್ಲ ತಪ್ಪಿಲ್ಲದೆ ಮಾಡಿದ್ದ ಚಿಪ್ ಅದು. ಈಗ ಏನು ಕೇಳಿದರೂ ಒಂದೇ ಉತ್ತರ, ಅದೂ ತಪ್ಪು.

ಅವಳು ಕೋಟನ್ನೂ ಬಿಚ್ಚದೆ ಸ್ಟೂಲಿನ ಮೇಲೆ ಕುಳಿತಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು.

ಇಪ್ಪತ್ತು ವರ್ಷಗಳಿಂದ ಅವಳದು ಒಂದೇ ಕೆಲಸ: ಸಿಲಿಕಾನ್ ಬಿಟ್ಟು ಇಂಗಾಲದ ನ್ಯಾನೊ ಕೊಳವೆಗಳಿಂದ ಚಿಪ್ ಮಾಡುವುದು. ಕೂದಲಿಗಿಂತ ಹತ್ತಾರು ಸಾವಿರ ಪಟ್ಟು ಸಪೂರವಾದ ಆ ಕೊಳವೆಗಳು ಕುಲುಮೆಯಲ್ಲಿ ಹುಟ್ಟುವಾಗಲೇ ಎರಡು ಜಾತಿ. ಒಂದು ಹೇಳಿದ ಮಾತು ಕೇಳುತ್ತದೆ. ವಿದ್ಯುತ್ತನ್ನು ಬಿಡು ಎಂದರೆ ಬಿಡುತ್ತದೆ, ತಡೆ ಎಂದರೆ ತಡೆಯುತ್ತದೆ. ಇನ್ನೊಂದು ಬರೀ ತಂತಿ. ಅದರಲ್ಲಿ ಹರಿಯುವ ವಿದ್ಯುತ್ತನ್ನು ಆರಿಸಲು ಯಾರಿಂದಲೂ ಆಗದು. ಅಂಥದ್ದೊಂದು ನುಸುಳಿದರೂ ಲೆಕ್ಕ ಕೆಟ್ಟಂತೆಯೇ. ಅವನ್ನು ಸೋಸುವುದರಲ್ಲೇ ಹಿಲ್ಕಾಳ ತಲೆ ನರೆತಿತ್ತು.

ಒಟ್ಸೊ ಕಾಫಿ ಹಿಡಿದು ಬಂದ. ಒಂದು ಕಾಲದ ಅವಳ ವಿದ್ಯಾರ್ಥಿ, ಈಗ ತಂಡದ ಮುಖ್ಯಸ್ಥ.

"ಏನಂತೆ ನಮ್ಮ ಕೂಸು?"

"ಹೋಯ್ತು."

"ತಮಾಷೆ ಮಾಡ್ಬೇಡ. ದುಡ್ಡು ಕೊಡೋ ಪ್ರತಿಷ್ಠಾನದವರು ಇನ್ನೇನು ಬರ್ತಾರೆ."

"ನನ್ನ ಮುಖ ನೋಡಿದ್ರೆ ತಮಾಷೆ ಮಾಡೋ ಹಾಗಿದೆಯಾ?"

ಒಟ್ಸೊ ಡ್ರಾಯರಿನಿಂದ ಸಾಮಾನ್ಯ ಸಿಲಿಕಾನ್ ಚಿಪ್ ಒಂದನ್ನು ತೆಗೆದ. ಹೋಲಿಸಿ ನೋಡಲೆಂದು ಇಟ್ಟುಕೊಂಡದ್ದು.

"ಇದನ್ನ ಕೂರಿಸೋಣ. ಮುಚ್ಚಳ ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ? ನಿನ್ನೆ ನಮ್ದು ನಿಜವಾಗ್ಲೂ ಕೆಲಸ ಮಾಡಿತ್ತಲ್ಲ, ಅದನ್ನೇ ತೋರಿಸ್ತಿದೀವಿ ಅಂದ್ಕೋ."

ಹಿಲ್ಕಾ ಚಿಮಟದಿಂದ ಅದನ್ನೆತ್ತಿ ಕೂರಿಸಿ ಮುಚ್ಚಳ ಹಾಕಿದಳು. ಲೆಕ್ಕಗಳು ಸರಾಗವಾಗಿ ಬಂದವು. ನಾಚಿಕೆಯಾದೀತೆಂದು ಕಾದಳು, ಆಗಲಿಲ್ಲ. ಇನ್ನಷ್ಟು ವರ್ಷ ಕೆಲಸ ಸಾಗುತ್ತದಲ್ಲ ಎಂಬ ನಿರಾಳವಷ್ಟೇ.

ಪ್ರತಿಷ್ಠಾನದ ಅಧ್ಯಕ್ಷೆ ಗುನ್ವೊರ್ ವಯಸ್ಸಾದವಳು. ಕನ್ನಡಕ ಸರಿಪಡಿಸಿಕೊಂಡು ತಾನೇ ಒಂದು ಲೆಕ್ಕ ಒತ್ತಿದಳು. ಉತ್ತರ ಕಂಡದ್ದೇ ಅವಳ ಮುಖ ಮಗುವಿನಂತೆ ಅರಳಿತು.

"ಅಯ್ಯೋ! ಇದು ನಿಜವಾಗ್ಲೂ ಇಂಗಾಲಾನೇ?"

ಒಟ್ಸೊ ಬಾಯಿ ತೆರೆಯುವಷ್ಟರಲ್ಲಿ ಹಿಲ್ಕಾ ಹೇಳಿದಳು: "ಅಲ್ಲ."

ಅವಳೇ ಮುಚ್ಚಳ ತೆಗೆದಳು.

"ಸಿಲಿಕಾನ್ ಅದು. ನಮ್ಮದು ಬೆಳಿಗ್ಗೆ ನೋಡಿದ್ರೆ ಕೆಟ್ಟುಹೋಗಿತ್ತು. ನಾನೇ ಇದನ್ನ ಕೂರಿಸ್ದೆ."

ಗುನ್ವೊರ್ ಬೆರಳನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡಳು. "ನಿಮ್ದು ಸರಿಯಾಗೋಕೆ ಇನ್ನೆಷ್ಟು ವರ್ಷ ಬೇಕು?"

ಈ ಪ್ರಶ್ನೆಗೆ ಹಿಲ್ಕಾ ಯಾವತ್ತೂ ಕೊಡುತ್ತಿದ್ದ ಉತ್ತರ ಐದು ವರ್ಷ. ಕೇಳಿದವರು ಬದಲಾಗುತ್ತಿದ್ದರು, ಐದು ಐದೇ ಆಗಿ ಉಳಿದಿತ್ತು.

"ಗೊತ್ತಿಲ್ಲ. ಯಾರಾದ್ರೂ ಮಾಡೇ ಮಾಡ್ತಾರೆ. ಅದು ನಾವೇನಾ ಅಂತ ಗೊತ್ತಿಲ್ಲ."

"ನಾನು ಒಪ್ಪಿಗೆ ಕೊಡೋಕ್ ಮುಂಚೆ ಹೇಳಿದ್ರಲ್ಲ, ಅಷ್ಟು ಉಪಕಾರ ಆಯ್ತು," ಎಂದು ಗುನ್ವೊರ್ ಎದ್ದಳು. ಕೈ ಕುಲುಕಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪ್ರತಿ ಗುರುವಾರದಂತೆ ಬಟಾಣಿ ಸೂಪು, ಜಾಮ್ ಹಚ್ಚಿ ತಿನ್ನುವ ಸಿಹಿ ದೋಸೆ. ಒಟ್ಸೊ ದೂರದ ಮೇಜಿನಲ್ಲಿ ಬೆನ್ನು ಹಾಕಿ ಕುಳಿತಿದ್ದ. ಸೂಪು ಮುಗಿಸಿ, ತಟ್ಟೆ ಹಿಡಿದು ಇವಳ ಎದುರಿಗೆ ಬಂದ.

"ಇನ್ನೊಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ. ಅವಳು ಅಷ್ಟೊಂದು ಖುಷಿಪಟ್ಬಿಟ್ಳು."

"ಉಪಾಯ ನಂದು ಅಂತ ಯಾಕೆ ಹೇಳ್ಲಿಲ್ಲ?"

"ಕೂರಿಸಿದ್ದು ನನ್ನ ಕೈ ತಾನೇ."

ಒಟ್ಸೊ ಮುಖ ಉಜ್ಜಿಕೊಂಡ. ಅವನ ಕಣ್ಣಡಿಯೂ ಕಪ್ಪಾಗಿರುವುದನ್ನು ಅವಳು ಅಂದೇ ಗಮನಿಸಿದ್ದು. "ಜಾಮ್ ಬೇಕಾ?" ಎಂದು ತನ್ನ ಬಟ್ಟಲನ್ನು ಅವಳ ಕಡೆ ತಳ್ಳಿದ.

ಹಿಮ ಕರಗುವ ಹೊತ್ತಿಗೆ ಹಣವಿಲ್ಲದೆ ಯೋಜನೆ ಮುಚ್ಚಿತು. ಕಾರಿನ ಗಾಜಿನ ಮೇಲಿನ ಮಂಜು ಕರಗಿಸುವ ತೆಳು ಪೊರೆ ತಯಾರಿಸಲು ಅದೇ ಕುಲುಮೆಯನ್ನು ಬಳಸುವುದೆಂದಾಯಿತು. ಆ ಪೊರೆಗೆ ಎರಡೂ ಜಾತಿಯ ಕೊಳವೆಗಳು ನಡೆಯುತ್ತವೆ, ಸೋಸುವ ಗೋಜಿಲ್ಲ. ನೋಡಿಕೊಳ್ಳುತ್ತೀಯಾ ಎಂದು ಒಟ್ಸೊ ಕೇಳಿದಾಗ ಹಿಲ್ಕಾ ಹೂಂ ಎಂದಳು.

ಮೊದಲ ದಿನ ಪೊರೆ ಸಲೀಸಾಗಿ ಬಂತು. ಮಾಡಲು ಮತ್ತೇನೂ ಉಳಿಯಲಿಲ್ಲ. ಬೆಳಕಿರುವಾಗಲೇ ಅವಳು ಮನೆಗೆ ಹೋಗಿ, ಬೂಟು ಕಳಚಿ, ಊಟಕ್ಕೂ ಕಾಯದೆ ಮಲಗಿದಳು. ಗಂಡ ಬಂದು ದುಪ್ಪಟಿ ಹೊದಿಸಿದ್ದೂ ಅವಳಿಗೆ ತಿಳಿಯಲಿಲ್ಲ.