ಆರ್ಡಿಸಳ ಮೂಸ್ ಚೀಟಿ

ಆರ್ಡಿಸ್ ಟ್ವೈಟ್ ಹೆಸರಿಗೆ ಮೂಸ್ ಬೇಟೆಯ ಚೀಟಿ ಎದ್ದದ್ದು ಇಪ್ಪತ್ಮೂರು ವರ್ಷ ಅರ್ಜಿ ಹಾಕಿದ ಮೇಲೆ. ಅಮೆರಿಕದ ಮೊಂಟಾನಾದಲ್ಲಿ ಹಲಗೆಯಂಥ ಕೊಂಬಿನ ಆ ದೊಡ್ಡ ಜಿಂಕೆಜಾತಿಯ ಪ್ರಾಣಿಯನ್ನು ಹೊಡೆಯುವ ಯೋಗ ಲಾಟರಿಯಲ್ಲಿ ಬರಬೇಕು. ಅರವತ್ತಾರರ ಹೆಂಗಸಿಗೆ ಇನ್ನೊಮ್ಮೆ ಬಂದೀತೆಂದು ಯಾರೂ ನಂಬಿರಲಿಲ್ಲ, ಅವಳಂತೂ ನಂಬಿರಲೇ ಇಲ್ಲ.

ಗಂಡ ಮರ್ಲ್ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ತೆಗೆಯುತ್ತಿದ್ದ. ಅವಕ್ಕೆ ಕಾಗದ ಸುತ್ತುವುದು ಮೂವತ್ತು ವರ್ಷದಿಂದ ಆರ್ಡಿಸಳ ಪಾಲಿನ ಕೆಲಸ. ಅವರ ಮ್ಯಾಗ್ನಂ ರೈಫಲ್ಲಿನ ವೇಗಕ್ಕೆ ಬರೀ ಸೀಸ ನಳಿಗೆಗೆ ಮೆತ್ತಿಕೊಂಡುಬಿಡುತ್ತದೆ. ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದವನ್ನು ಓರೆಯಾಗಿ ಕತ್ತರಿಸಿ, ಒದ್ದೆ ಮಾಡಿ, ಸರಿಯಾಗಿ ಎರಡು ಸುತ್ತು ಸುತ್ತಬೇಕು. ಅಂಚಿಗೆ ಅಂಚು ತಾಗಬೇಕು, ಒಂದರ ಮೇಲೊಂದು ಹತ್ತಬಾರದು. ಹಾಗೆ ಸುತ್ತಿದ ಕಾಗದ ನಳಿಗೆಯ ಬಾಯಲ್ಲೇ ಚೂರುಚೂರಾಗಿ ಉದುರಿ ಗುಂಡನ್ನು ಬಿಟ್ಟುಕೊಡುತ್ತದೆ. ಉದುರದೆ ಗುಂಡಿಗೆ ಅಂಟಿಕೊಂಡೇ ಹೋದರೆ ಗುರಿ ತಪ್ಪುತ್ತದೆ. ಆಮೇಲೆ ತೋಟೆಗೆ ಮದ್ದು ತುಂಬಿ ಗುಂಡು ಕೂರಿಸುವುದು ಮತ್ತೆ ಮರ್ಲನ ಕೈ. ಕಾಗದ ತೋಟೆಯ ಕತ್ತಿನೊಳಗೆ ಮರೆಯಾಗುತ್ತಿತ್ತು. ಗುರಿ ಹೊಡೆಯುವವರ ಕ್ಲಬ್ಬಿನಲ್ಲಿ ಹೊಗಳಿಕೆ ಬಂದರೆ ಅದೂ ಮರ್ಲನದೇ.

ಈ ಸಲ ಅವಳು ಭೂತಗನ್ನಡಿ ಹಿಡಿದು ಹನ್ನೆರಡು ಗುಂಡುಗಳನ್ನು ಸುತ್ತಿ ಒಣಗಿಸಿದಳು.

"ಇವು ನನ್ನ ಮೂಸ್‌ಗೆ. ಮುಟ್ಟಬೇಡ."

"ಮುಟ್ಟದೆ ಹೇಗೆ ಕೂರಿಸಲೇ ಮುದುಕಿ? ಊದಿ ಕೂರಿಸ್ಲಾ?" ಎಂದು ಮರ್ಲ್ ನಕ್ಕಿದ್ದ.

ಅಕ್ಟೋಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ, ಹೊಳೆಯಂಚಿನ ಪೊದೆಯಿಂದ ಗಂಡು ಮೂಸ್ ಹೊರಬಂತು. ನೂರಿಪ್ಪತ್ತು ಹೆಜ್ಜೆ ದೂರ. ಆರ್ಡಿಸ್ ಬಿದ್ದ ಮರದ ಮೇಲೆ ರೈಫಲ್ ಊರಿ, ಭುಜದ ಹಿಂದಕ್ಕೆ ಗುರಿಯಿಟ್ಟು, ಉಸಿರು ಬಿಗಿಹಿಡಿದು ಟ್ರಿಗರ್ ಎಳೆದಳು. ಪ್ರಾಣಿಯ ಹಿಂಗಾಲು ಕುಸಿಯಿತು. ಅದನ್ನು ಎಳೆದುಕೊಂಡೇ ಅದು ಪೊದೆಯೊಳಗೆ ನುಗ್ಗಿತು.

"ಕೈ ನಡುಗಿಸಿಬಿಟ್ಟೆಯಲ್ಲೇ," ಎಂದ ಮರ್ಲ್.

ನಡುಗಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಎದ್ದು ಮುಂದೆ ನಡೆದು ಹಿಮದ ಮೇಲೆ ಕಾಗದದ ಚೂರು ಹುಡುಕಿದಳು. ಚೂರು ಒಂದೂ ಇಲ್ಲ. ದೂರದಲ್ಲಿ ಒಂದು ಸುರುಳಿ ಇಡಿಯಾಗಿ ಬಿದ್ದಿತ್ತು. ದಪ್ಪ ಕಾಗದ, ಅಂಚಿನ ಮೇಲೆ ಅಂಚು ಹತ್ತಿತ್ತು, ಮೈಮೇಲೆ ನೋಟ್‌ಬುಕ್ಕಿನ ನೀಲಿ ಗೆರೆಗಳು.

"ಮರ್ಲ್, ನಾನು ಸುತ್ತಿದ ಹನ್ನೆರಡು ಎಲ್ಲಿ?"

ಮರ್ಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಭಾನುವಾರ ಕ್ಲಬ್ಬಲ್ಲಿ ಆ ಡ್ವೇನ್ ಎಲ್ಲರೆದುರು ಕೆಣಕಿದ ಕಣೇ, 'ನಿನ್ನ ಸೀಸ ಮೀನಿನ ಗಾಳಕ್ಕೆ ಕಟ್ಟು' ಅಂತ. ಮೂರು ಗುಂಡು ಒಂದೇ ತೂತಲ್ಲಿ ಕಳಿಸ್ದೆ! ಅವನ ಮುಖ ನೋಡ್ಬೇಕಿತ್ತು. ಆಮೇಲೆ ಎಲ್ಲರೂ ಇನ್ನೊಮ್ಮೆ, ಇನ್ನೊಮ್ಮೆ ಅಂದ್ರು..."

"ಹನ್ನೆರಡೂ?"

"ನಿನ್ನ ತೆಳು ಕಾಗದ ಮುಗಿದಿತ್ತು. ಇದ್ದದ್ದರಲ್ಲಿ ನಾನೇ ಸುತ್ತಿದೆ."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀನು ಬೈತಿದ್ದೆ."

ಅವಳು ಬೈಯಲಿಲ್ಲ. ನೆತ್ತರಿನ ಜಾಡು ಹಿಡಿದು ಆ ದಿನವೆಲ್ಲ ನಡೆದಳು, ಮರುದಿನವೂ ನಡೆದಳು. ಒಂದು ಕಡೆ ಪ್ರಾಣಿ ಮಲಗಿ ಎದ್ದ ಗುರುತಿತ್ತು, ಸುತ್ತ ಹಿಮವೆಲ್ಲ ಕೆಂಪು. ಜಾಡು ಹೊಳೆಗಿಳಿದಿತ್ತು, ಆಚೆ ದಡದಲ್ಲಿ ಮೇಲೆ, ಕೆಳಗೆ, ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಮೂರನೆಯ ಮಧ್ಯಾಹ್ನ ಟ್ರಕ್ಕಿಗೆ ಮರಳಿದಾಗ ಮರ್ಲ್ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟ. "ಯಾರೂ ನೋಡಿಲ್ಲ. ಚೀಟಿ ಇದ್ದ ಹಾಗೇ ಇದೆ. ಇನ್ನೂ ನಾಲ್ಕು ವಾರ ಟೈಮಿದೆ, ಬೇರೆ ಸಿಗುತ್ತೆ. ಈ ಸಲ ಅಂಗಡಿ ಗುಂಡೇ ತರೋಣ."

ಆರ್ಡಿಸ್ ಚೀಟಿ ತೆಗೆದು ಮೊಣಕಾಲ ಮೇಲೆ ಹರಡಿದಳು. ಅದರ ಅಂಚಿನಲ್ಲಿ ಅಚ್ಚಾಗಿದ್ದ ತಿಂಗಳನ್ನೂ ತಾರೀಕನ್ನೂ ಚಾಕುವಿನಿಂದ ಕತ್ತರಿಸಿದಳು. ಹೊಡೆದ ಪ್ರಾಣಿ ಕೈಗೆ ಬಂದಾಗ ಹೀಗೆ ಕತ್ತರಿಸುತ್ತಾರೆ. ಕತ್ತರಿಸಿದ ಚೀಟಿ ಮತ್ತೆ ನಡೆಯುವುದಿಲ್ಲ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೆ ಚೀಟಿ ಕತ್ತರಿಸಬೇಕೆಂದು ಕಾನೂನು ಕೇಳುವುದಿಲ್ಲ. ಅವಳ ಅಪ್ಪನ ಕಾಲದ ಬೇಟೆಗಾರರು ಮಾತ್ರ ನೆತ್ತರು ಹರಿಸಿದರೆ ಕೊಂದ ಲೆಕ್ಕವೇ ಎನ್ನುತ್ತಿದ್ದರು.

"ತಲೆ ಕೆಟ್ಟಿದೆಯೇನೇ? ಇಪ್ಪತ್ಮೂರು ವರ್ಷ ಕಾದ ಚೀಟಿ!"

"ಕಾದವಳು ನಾನು ಮರ್ಲ್. ನನಗೆ ಗೊತ್ತಿಲ್ವಾ?"

ಅವನು ಸ್ಟೀರಿಂಗ್ ಮೇಲೆ ಕೈಯಿಟ್ಟು ಮತ್ತೆ ತೆಗೆದ. ಕೊನೆಗೆ, "ಆ ಕಾಗದದ ವಿಷಯ... ಡ್ವೇನ್‌ಗೆ ಮಾತ್ರ ಹೇಳಬೇಡ ಕಣೇ," ಎಂದ.

ಮೂರು ದಿನದಲ್ಲಿ ಅವನ ದನಿಯಲ್ಲಿ ಅಳುಕು ಕೇಳಿಸಿದ್ದು ಅದೇ ಮೊದಲು. ಆರ್ಡಿಸ್ ಕಾಫಿಯನ್ನು ಕಿಟಕಿಯಾಚೆ ಚೆಲ್ಲಿದಳು.

"ಗಾಡಿ ತೆಗಿ," ಎಂದಳು.